ಒಲೆಗೆ ನೀರು ಬೇಡ, ಮಣ್ಣು ಸಾಕು

೧೯೮೪ನೇ ಇಸವಿ ಮಾರ್ಚ್, ತಮಿಳರ ಮಾಸಿ ತಿಂಗಳ ಕೊನೆಯ ಸೋಮವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ನಾನು ಕಾಳಿಯಣ್ಣನವರ ಹುಲ್ಲುಗಾವಲಿನ ಒಳಗೆ, ನೀರಿನ ಟ್ಯಾಂಕರಿನ ಹಿಂದಿನ ಎಡ ಚಕ್ರದ ಪಕ್ಕ ನಿಂತಿದ್ದೆ. ನನ್ನ ಮುಂದೆ ಹದಿನೆಂಟು ಹೆಜ್ಜೆ ದೂರದಲ್ಲಿ ಚೌಡಯ್ಯನವರು ಬಿದ್ದರು. ನನ್ನ ಬಲಕ್ಕೆ ನಲವತ್ತು ಹೆಜ್ಜೆ ದೂರದಲ್ಲಿ, ಮುಳ್ಳಿನ ಗೇಟಿನ ಬಳಿ, ಕಾಳಿಯಣ್ಣ ನಿಂತಿದ್ದರು. ಮೆಗಾಫೋನು ನನ್ನ ಕೊರಳಲ್ಲಿ ನೇತಾಡುತ್ತಿತ್ತು. ಈ ದೂರಗಳನ್ನು ನಾನು ಅಂದಾಜಿನಲ್ಲಿ ಹೇಳುತ್ತಿಲ್ಲ. ಎಂಟು ತಿಂಗಳ ನಂತರ ಒಬ್ಬನೇ ಹೋಗಿ ನಡೆದು ಅಳೆದೆ.

ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಪಲ್ಲಡದ ದಕ್ಷಿಣಕ್ಕಿದ್ದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ಈಗ ತಿರುಪ್ಪೂರು ಜಿಲ್ಲೆ ಎನ್ನುವ ಆ ಭಾಗ ಆಗ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಸಂತೆಯ ತಿಂಡಿ ಅಂಗಡಿಗಳನ್ನು ನೋಡುವುದು, ಜನ ಸೇರುವ ಕಡೆ ವಾಂತಿಭೇದಿ ಹರಡದಂತೆ ಕಾಯುವುದು ನನ್ನ ಕೆಲಸ.

ಆ ಸೀಮೆಯ ನೆಲವನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಕೆಂಪು ಗರಸು ಮಣ್ಣು, ಅಲ್ಲಲ್ಲಿ ಒಂದು ಬಿಳಿಜಾಲಿ ಮರ, ಉಳಿದಂತೆ ಬರಿ ಬಯಲು. ಮಾಸಿ ತಿಂಗಳಿಗೆ ಅದು ಮರಳುಗಾಡಿನಂತೆ ಕಾಣುತ್ತದೆ. ಆದರೆ ರೈತರು ಆ ಬಯಲನ್ನು ಮುಳ್ಳುಬೇಲಿಯಿಂದ ಸುತ್ತುಗಟ್ಟಿ, ಮಳೆಗೆ ಬಂದ ಹುಲ್ಲನ್ನು ನಿಂತಲ್ಲೇ ಒಣಗಲು ಬಿಟ್ಟು, ವರ್ಷವಿಡೀ ದನ ಮೇಯಿಸುತ್ತಾರೆ. ಅದನ್ನು ಕೊರಂಗಾಡು ಎನ್ನುತ್ತಾರೆ. ಒಣಗಿ ನಿಂತ ಆ ಹುಲ್ಲೇ ಅವರ ಆಸ್ತಿ. ಒಂದು ಕಿಡಿ ಬಿದ್ದರೆ ಮುಂದಿನ ಮಳೆಯವರೆಗೆ ದನಕ್ಕೆ ಬಾಯಿಗೆ ಏನೂ ಇರುವುದಿಲ್ಲ.

ಕಾಳಿಯಣ್ಣ ಅಂಥ ಒಂದು ಕೊರಂಗಾಡಿನ ಒಡೆಯರು. ಐವತ್ತರ ವಯಸ್ಸು, ಒಣಗಿದ ಮೈ, ಹೆಗಲ ಮೇಲೆ ಯಾವಾಗಲೂ ಒಂದು ಟವಲು. ಮನೆಯಲ್ಲಿ ಕನ್ನಡ, ಹೊರಗೆ ತಮಿಳು, ನಮ್ಮ ಹಾಗೆಯೇ. ಅವರದು ಬೇಸಾಯದ ಮನೆತನ, ನಮ್ಮದು ಮಗ್ಗದ ಮನೆತನ. ನಮ್ಮ ನೇಕಾರ ಕುಲದ ಹಿರಿಯರು ಮೈಸೂರು ಕಡೆಯಿಂದ ಇಳಿದು ಬಂದಾಗ ಮೊದಲು ಬಿಡಾರ ಹೂಡಿದ್ದು ಅವರ ಪೂರ್ವಿಕರ ಆ ಬಯಲಿನಲ್ಲಿ ಎಂದು ನಮ್ಮವರು ಹೇಳುತ್ತಾರೆ. ಅದರ ನೆನಪಿಗೆ ಐದು ವರ್ಷಕ್ಕೊಮ್ಮೆ ಕುಲದವರೆಲ್ಲ ಅಲ್ಲಿ ಮೂರು ದಿನ ಬಿಡಾರ ಹೂಡುತ್ತಿದ್ದೆವು. ತುಡಿಯಲೂರು, ಪೀಳಮೇಡು, ಸೋಮನೂರು ಕಡೆಗಳಿಂದ ಇನ್ನೂರರಷ್ಟು ಮನೆಯವರು ಗಾಡಿಯಲ್ಲೋ ಲಾರಿಯಲ್ಲೋ ಬಂದು ಗಳು ನೆಟ್ಟು ದುಪ್ಪಟಿ ಕಟ್ಟುತ್ತಿದ್ದರು.

ಬಿಡಾರಕ್ಕೆ ಒಂದೇ ಕಟ್ಟಳೆ. ನೆಲವನ್ನು ಹೇಗೆ ಪಡೆದೆವೋ ಹಾಗೆ ತಿರುಗಿ ಕೊಡಬೇಕು. ಅಗೆದ ಒಲೆಗುಂಡಿ ಮುಚ್ಚಬೇಕು, ತಂದ ಕಲ್ಲು ಮೊದಲಿದ್ದ ಜಾಗಕ್ಕೆ ಹೋಗಬೇಕು, ಎಂಜಲೆಲೆ, ಮೂಳೆ, ಮೊಳೆ, ಒಡೆದ ಬಳೆ ಏನೂ ಉಳಿಯಬಾರದು. ಕೊನೆಯ ಬೆಳಗ್ಗೆ ಕುಲದ ಎಜಮಾನರು ಚಪ್ಪಲಿ ಬಿಟ್ಟು ನಡುಮರದಿಂದ ಗೇಟಿನವರೆಗೆ ಬರಿಗಾಲಲ್ಲಿ ನಡೆಯುತ್ತಾರೆ. ಒಲೆಗಳಿದ್ದ ಜಾಗದ ಮೇಲೆಯೇ ಕಾಲಿಟ್ಟು ನಡೆಯಬೇಕು. ಕೆಳಗೆ ನೋಡುವಂತಿಲ್ಲ, ಮಾತಾಡುವಂತಿಲ್ಲ. ಕಾಲಿಗೆ ಏನಾದರೂ ಚುಚ್ಚಿದರೆ ನಿಲ್ಲುತ್ತಾರೆ, ಆ ಜಾಗದ ಮನೆಯವರು, ಉಳಿದವರೆಲ್ಲ ಹೋದ ಮೇಲೆ, ಒಂದು ದಿನ ಉಳಿದು ತಾವೇ ಶುಚಿ ಮಾಡಬೇಕು. ಏನೂ ಚುಚ್ಚದೆ ಗೇಟು ಮುಟ್ಟಿದರೆ ಒಂದು ಹಿಡಿ ಮಣ್ಣು ತೆಗೆದು ಒಡೆಯರ ಕೈಯಲ್ಲಿಟ್ಟು, "ನಿಮ್ಮ ನೆಲ ನಿಮಗೆ" ಎನ್ನುತ್ತಾರೆ. ಆಮೇಲೆಯೇ ಗಾಡಿ ಹೊರಡುವುದು. ಇದಕ್ಕೆ ನೆಲ ಒಪ್ಪಿಸುವುದು ಎಂದು ಹೆಸರು.

ಆ ವರ್ಷದ ಎಜಮಾನರು ಚೌಡಯ್ಯನವರು. ಎಪ್ಪತ್ತು ದಾಟಿತ್ತು. ನನ್ನ ತಾಯಿಯ ಊರಿನವರಾದ್ದರಿಂದ ನಾನು ಅವರನ್ನು ಮಾವ ಎನ್ನುತ್ತಿದ್ದೆ. ಅವರ ಮಗ ಸಂಪತ್ತು ಶಾಲೆಯಲ್ಲಿ ನನ್ನ ಜೊತೆಯವನು, ಸೋಮನೂರಿನಲ್ಲಿ ಪವರ್‌ಲೂಮ್ ಇಟ್ಟಿದ್ದ.

"ನಿಮ್ಮ ಜನ, ನೀವೇ ಹೋಗಿ" ಎಂದು ನಮ್ಮ ಡಾಕ್ಟರು ಆ ಬಿಡಾರದ ಆರೋಗ್ಯದ ಹೊಣೆಯನ್ನು ನನಗೆ ಕೊಟ್ಟರು. ನಾನು ಹೆಮ್ಮೆಯಿಂದಲೇ ಹೋದೆ. ಬೇಲಿಯ ಬಳಿ, ಗಾಳಿ ಬಿಡಾರದಿಂದ ಆಚೆ ಬೀಸುವ ಬದಿಯಲ್ಲಿ ಟ್ರೆಂಚ್ ಲೆಟ್ರಿನ್ ತೋಡಿಸಿದೆ. ಅಂದರೆ ಮೂರಡಿ ಆಳದ ಉದ್ದ ಕಾಲುವೆ. ಬಳಸಿದವರು ಪಕ್ಕದ ಗುಡ್ಡೆಯಿಂದ ಒಂದು ಬೊಗಸೆ ಮಣ್ಣು ಹಾಕಿ ಮುಚ್ಚಬೇಕು. ಬಯಲಿನಲ್ಲಿ ನೀರಿರಲಿಲ್ಲ. ದಿನಕ್ಕೆ ಎರಡು ಟ್ಯಾಂಕರು ಬರುತ್ತಿದ್ದವು. ಪ್ರತಿ ಟ್ಯಾಂಕರಿಗೂ ಕ್ಲೋರಿನ್ ಹಾಕಿ, ಅರ್ಧ ಗಂಟೆ ಬಿಟ್ಟು, ಗಾಜಿನ ಕೊಳವೆಯಲ್ಲಿ ಎರಡು ಹನಿ ದ್ರಾವಣ ಬೆರೆಸಿ, ನೀರು ಹಳದಿಗೆ ತಿರುಗಿದ ಮೇಲೆ ಬಿಡಿಸುತ್ತಿದ್ದೆ. ಟ್ಯಾಂಕರಿನ ಡ್ರೈವರ್ ಪಳನಿಗೆ ಆ ಅರ್ಧ ಗಂಟೆ ಬೀಡಿಯ ಸಮಯ.

ಇದರ ಜೊತೆಗೆ ಬಿಡಾರದ ಸುದ್ದಿ ಎಂಬ ಒಂದು ಹಾಳೆಯನ್ನು ನಾನೇ ಶುರು ಮಾಡಿದೆ. ದಿನಕ್ಕೆರಡು ಸಲ, ಕಾರ್ಬನ್ ಇಟ್ಟು ನಾಲ್ಕು ಪ್ರತಿ. ನಮ್ಮವರಲ್ಲಿ ಕನ್ನಡ ಅಕ್ಷರ ಓದುವವರು ಹತ್ತು ಜನರೂ ಇರಲಿಲ್ಲ. ಹಾಗಾಗಿ ಮಾತು ಕನ್ನಡದ್ದು, ಅಕ್ಷರ ತಮಿಳಿನದು. ಮೂರು ಪ್ರತಿಯನ್ನು ಮರಗಳಿಗೆ, ಒಂದನ್ನು ಟ್ಯಾಂಕರಿನ ಹಿಂಭಾಗಕ್ಕೆ ಅಂಟಿಸಿ, ಮೆಗಾಫೋನಿನಲ್ಲಿ ಓದುತ್ತಿದ್ದೆ. ಯಾರ ಮನೆಯವರು ಈಗ ಬಂದರು, ಯಾರ ಕನ್ನಡಕ ಸಿಕ್ಕಿದೆ, ಟ್ಯಾಂಕರು ಎಷ್ಟು ಹೊತ್ತಿಗೆ, ಕೈ ತೊಳೆಯದೆ ಹಿಟ್ಟು ಕಲಸಬೇಡಿ. ಸಾಮೂಹಿಕ ಅಡುಗೆಯ ಉಸ್ತುವಾರಿ ನೋಡುತ್ತಿದ್ದ ರಾಜಮ್ಮ ಒಂದು ಸಲ ನಾನು ಓದಿ ಮುಗಿಸುವುದನ್ನೇ ಕಾದು, "ಇನ್ಸ್‌ಪೆಕ್ಟ್ರೇ, ಕೈ ತೊಳೀರಿ ಅಂತ ದಿನಾ ಎರಡು ದಪ ಸೊಲ್ತೀರ. ನಮ್ಮತ್ತೆ ಬದುಕಿದ್ದಾಗ್ಲೂ ಇಷ್ಟು ಸೊಲ್ಲಿಲ್ಲ" ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ನನಗೂ ಖುಷಿಯಾಯಿತು. ಜನ ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಎರಡನೆಯ ದಿನ ಮಧ್ಯಾಹ್ನ ಯಾರೋ ಬೇಲಿಯ ಹತ್ತಿರ ಒಲೆ ಉರಿಯಲು ಬಿಟ್ಟು ಊಟಕ್ಕೆ ಹೋದರು. ಹುಲ್ಲಿಗೆ ಹತ್ತಿಕೊಂಡಿತು. ಒಂದು ಚಾಪೆಯಷ್ಟು ಅಗಲ ಉರಿದಿತ್ತು. ಕಾಳಿಯಣ್ಣ ಓಡಿ ಬಂದು ಟವಲಿನಿಂದ ಬಡಿದು ಆರಿಸಿದರು. ಆಮೇಲೆ ಊಟಕ್ಕೆ ಕೂತಿದ್ದವರ ಮುಂದೆ ಬಂದು ನಿಂತರು. ಟವಲಿನ ಅಂಚು ಕರಕಾಗಿತ್ತು.

"ಬೆಂಕಿ ಇಟ್ಟು ಬೆನ್ನು ತಿರುಗಿಸಿ ಬರ್ತೀರಲ್ಲ, ನಿಮ್ಮ ಕಾಲು ಒಂದ್ಸಲ ಬೇಯ್ಬೇಕು. ಆವಾಗ ಗೊತ್ತಾಗತ್ತೆ."

ಸಂಪತ್ತು ಎಲೆಯಿಂದ ತಲೆ ಎತ್ತಿ, "ಏನ್ ಕಾಳಿಯಣ್ಣಾ, ನಾಲ್ಕು ಕಡ್ಡಿ ಹುಲ್ಲಿಗೆ ಸಾಪ ಹಾಕ್ತೀರ?" ಎಂದ.

"ನಾಲ್ಕು ಕಡ್ಡಿ ಅಲ್ಲ ತಂಬಿ. ಹದಿನಾಲ್ಕು ಬಾಯಿ. ಆಡಿ ಮಳೆ ಬರೋವರೆಗೆ."

ಅಷ್ಟೇ. ಜಗಳವಾಗಲಿಲ್ಲ. ಆದರೆ ಆ ಮಾತನ್ನು ಅಲ್ಲಿ ಕೂತಿದ್ದ ನೂರು ಜನ ಕೇಳಿದರು.

ಸಂಜೆ ಕಾಳಿಯಣ್ಣ ನನ್ನ ಹತ್ತಿರ ಬಂದು ಟ್ಯಾಂಕರಿಗೆ ಒರಗಿ ನಿಂತರು. "ಇನ್ಸ್‌ಪೆಕ್ಟ್ರೇ, ನಿಮ್ಮ ಹಾಳೇಲಿ ಎಲ್ಲಾರ ಸುದ್ದಿನೂ ಬರತ್ತೆ. ನನ್ನ ಹುಲ್ಲಿಗೂ ಒಂದು ಲೈನು ಹಾಕಿ."

"ಹಾಕ್ತೀನಣ್ಣ."

"ದೊಡ್ಡದಾಗಿ ಓದಿ. ನಿಮ್ಮ ಮಾತು ಕೇಳ್ತಾರೆ."

ಆ ಸಾಲನ್ನು ನಾನು ಅಲ್ಲೇ ಬರೆದೆ. ನಮ್ಮ ಹಳೆಯ ಪದ್ಧತಿಯಲ್ಲಿ ಒಲೆಗೆ ಮೂರು ಚೊಂಬು ನೀರು ಹಾಕಿ, ಆರಿದ ಬೂದಿಯನ್ನು ಗಡಿಗೆಯಲ್ಲಿ ತುಂಬಿಕೊಂಡು ಹೋಗಿ, ಗುಂಡಿಗೆ ಮಣ್ಣು ತುಂಬುತ್ತಿದ್ದರು. ಇನ್ನೂರು ಒಲೆಗೆ ಮೂರು ಚೊಂಬಿನಂತೆ ಲೆಕ್ಕ ಹಾಕಿದೆ. ಕ್ಲೋರಿನ್ ಹಾಕಿದ ಕುಡಿಯುವ ನೀರು ಅಷ್ಟೊಂದು ಮಣ್ಣುಪಾಲಾಗುವುದು ನನಗೆ ಸರಿ ಕಾಣಲಿಲ್ಲ. ಬೆಂಕಿಗೆ ಗಾಳಿ ತಪ್ಪಿಸಿದರೆ ಆರುತ್ತದೆ ಎಂದು ತರಬೇತಿಯಲ್ಲಿ ಓದಿದ್ದೆ. ಹಾಗಾಗಿ ಬರೆದ ಸಾಲು ಇದು: "ಹೊರಡುವಾಗ ಯಾವ ಒಲೆಯನ್ನೂ ತೆರೆದು ಬಿಡಬೇಡಿ. ಒಲೆಗೆ ನೀರು ಬೇಡ, ಮಣ್ಣು ಸಾಕು. ನೆಲಕ್ಕೆ ಸಮ ಮಾಡಿ ಮುಚ್ಚಿ."

ಮೆಗಾಫೋನಿನಲ್ಲಿ ಅದನ್ನು ಮೂರು ಸಲ ಓದಿದೆ. ಓದಿ ಇಳಿಸಿದಾಗ ಚೌಡಯ್ಯನವರು ಪಕ್ಕದಲ್ಲಿದ್ದರು.

"ನೀರು ಕಾಣದ ಅಡುಪು ಆರೋದಿಲ್ಲಪ್ಪ" ಎಂದರು. ಅಡುಪು ಎಂದರೆ ಒಲೆ.

"ಗಾಳಿ ಇಲ್ದಿದ್ರೆ ಆರತ್ತೆ ಮಾವ. ನಾವು ಟ್ರೇನಿಂಗಲ್ಲಿ ಓದಿದೀವಿ."

"ಓದಿದೀರ. ಸರಿ" ಎಂದು ಹೊರಟುಹೋದರು.

ನಾನು ಓದಿದ್ದು ಸುಳ್ಳಲ್ಲ, ಆದರೆ ಅರ್ಧ. ಆ ಬಯಲಿನಲ್ಲಿ ಉರಿಸಿದ್ದು ಸೀಮೆಜಾಲಿಯ ಸೌದೆ. ಅದರ ಕೆಂಡ ಬಹಳ ಗಟ್ಟಿ. ಒಣಮಣ್ಣು ಮುಚ್ಚಿದರೆ ಉರಿ ನಿಲ್ಲುತ್ತದೆ, ಕಾವು ನಿಲ್ಲುವುದಿಲ್ಲ. ಇದ್ದಿಲು ಸುಡುವವರು ಬೇಕೆಂದೇ ಮಾಡುವ ಕೆಲಸವದು. ಆ ಸೀಮೆಯಲ್ಲಿ ಇದ್ದಿಲು ಸುಡುವವರು ಹಳ್ಳಿಗೊಬ್ಬರಿದ್ದರು. ನಾನು ಯಾರನ್ನೂ ಕೇಳಲಿಲ್ಲ.

ಸೋಮವಾರ ಬೆಳಗ್ಗೆ ಐದೂವರೆಗೆ ರಾಜಮ್ಮನವರ ಸಾಮೂಹಿಕ ಒಲೆಯಲ್ಲಿ ಕೊನೆಯ ಉಪ್ಪಿಟ್ಟು ಇಳಿಯಿತು. ಅದು ಉಳಿದ ಒಲೆಗಳಂತಲ್ಲ, ಒಂದಾಳು ಮಲಗುವಷ್ಟು ಉದ್ದದ ಕಾಲುವೆ, ಮೊಣಕಾಲಾಳ, ತಳದ ತುಂಬ ಕೆಂಡ. ಆರು ಗಂಟೆಗೆ ಹೆಂಗಸರು ಪಾತ್ರೆಗಳನ್ನು ಲಾರಿಗೆ ಹೊರುತ್ತಿದ್ದರು. ಬೇಗ ಬಸ್ಸು ಹಿಡಿಯಬೇಕಾದ ಹಲವರು ಕಟ್ಟಳೆಗೂ ಕಾಯದೆ ತಮ್ಮ ಒಲೆ ಹಾಗೇ ಬಿಟ್ಟು ಹೋಗಿದ್ದರು. ಕಾಳಿಯಣ್ಣ ಗುದ್ದಲಿ ಹಿಡಿದು ಒಂದೊಂದಾಗಿ ಅವನ್ನು ಮುಚ್ಚುತ್ತಾ ಬರುತ್ತಿದ್ದುದನ್ನು ನಾನು ಟ್ಯಾಂಕರಿನ ಬಳಿಯಿಂದ ನೋಡಿದೆ. ಇತರರೂ ನೋಡಿದರು. ರಾಜಮ್ಮನವರ ಕಾಲುವೆಯ ಹತ್ತಿರ ಬಂದಾಗ ಕಾಳಿಯಣ್ಣ ಆಡಿದ ಮಾತನ್ನು ರಾಜಮ್ಮ ಆಮೇಲೆ ನನಗೂ ಪೊಲೀಸರಿಗೂ ಒಂದೇ ರೀತಿ ಹೇಳಿದರು. "ನೀ ಹೋಗಕ್ಕಾ, ನಾನ್ ಮುಚ್ತೀನಿ. ಸಮ ಮಾಡಿ ಮುಚ್ಚಿ ಅಂತ ಇನ್ಸ್‌ಪೆಕ್ಟ್ರು ಓದಿದಾರಲ್ಲ."

ಕಾಳಿಯಣ್ಣ ಸಮ ಮಾಡಿಯೇ ಮುಚ್ಚಿದರು. ಗುದ್ದಲಿಯ ಬೆನ್ನಿನಿಂದ ತಟ್ಟಿ, ಮೇಲೆ ಒಣಮಣ್ಣು ಉದುರಿಸಿದರು. ಎಲ್ಲಿ ಒಲೆಯಿತ್ತು ಎಂದು ಗೊತ್ತಾಗದ ಹಾಗಿತ್ತು. ಆ ಬಿಡಾರದಲ್ಲಿ ನನ್ನ ಸೂಚನೆಯನ್ನು ಅಕ್ಷರಶಃ ಪಾಲಿಸಿದವರು ಅವರೊಬ್ಬರೇ. ಮುಗಿಸಿ, ಗುದ್ದಲಿಯೊಂದಿಗೆ ಗೇಟಿನ ಬಳಿ ಹೋಗಿ, ಮಣ್ಣು ಪಡೆಯಲು ನಿಂತರು.

ಏಳಕ್ಕೆ ಚೌಡಯ್ಯನವರು ನಡೆಯಲು ಶುರು ಮಾಡಿದರು. ಹಿಂದೆ ಜನ. ಮೊದಲ ಸಾಲಿನ ಒಲೆಗಳು ಹಿಂದಿನ ರಾತ್ರಿಯವು, ಸಣ್ಣವು. ಒಂದೆರಡು ಕಡೆ ಅವರ ಹೆಜ್ಜೆ ತಡವರಿಸಿತು, ನಿಲ್ಲಲಿಲ್ಲ. ಬೆಚ್ಚಗಿದ್ದಿರಬೇಕು. ಏಳೂ ಹತ್ತಕ್ಕೆ ಅವರು ಆ ಕಾಲುವೆಯ ಮೇಲೆ ಬಂದರು. ಬಲಗಾಲು ಕಣಕಾಲಿನವರೆಗೆ ಇಳಿಯಿತು. ಅದನ್ನು ಎಳೆದುಕೊಳ್ಳಲು ಎಡಗಾಲು ಊರಿದರು, ಅದೂ ಇಳಿಯಿತು. ಮುಂದಕ್ಕೆ ಬಿದ್ದು ಎರಡೂ ಅಂಗೈ ಊರಿದರು. ಮಣ್ಣು ಬಿರಿದು ಕೆಂಡ ಹೊರಗೆ ಬಂತು. ಪಂಚೆಯ ಅಂಚು ಹೊತ್ತಿಕೊಂಡಿತು. ಅವರ ಬಾಯಿಂದ ನರಳಿಕೆ ಬಂತು, ಮಾತು ಬರಲಿಲ್ಲ. ಇಬ್ಬರು ಅವರನ್ನು ಈಚೆಗೆ ಎಳೆದರು. ಪಾದದ ಚರ್ಮ ಎಳೆದವನ ಕೈಯಲ್ಲಿ ಬಂತು.

ಆಮೇಲೆ ಗುಂಪಿನೊಳಗಿಂದ ಒಬ್ಬ, "ಕಾಲು ಬೇಯ್ಬೇಕು ಅಂದಿದ್ದನಲ್ಲ" ಎಂದ. ಇನ್ನೊಬ್ಬ, "ಬೆಳಿಗ್ಗೆ ಗುದ್ದಲಿ ಹಿಡ್ಕೊಂಡು ಇಲ್ಲೇ ಇದ್ದ, ನಾನ್ ಕಣ್ಣಾರೆ ಪಾತ್ತೆ" ಎಂದ. ಸಂಪತ್ತು ಅಪ್ಪನ ಪಾದ ನೋಡಿದ, ಗೇಟಿನ ಕಡೆ ನೋಡಿದ. ಬಿಡಾರದಿಂದ ಕಿತ್ತು ರಾಶಿ ಹಾಕಿದ್ದ ಸರ್ವೆ ಮರದ ಗಳುಗಳಲ್ಲಿ ಒಂದನ್ನು ಎತ್ತಿಕೊಂಡ.

ನಾನು ಹೇಳಬೇಕಾಗಿದ್ದ ಮಾತು ಒಂದೇ. ಮುಚ್ಚಿ ಎಂದು ಹೇಳಿದವನು ನಾನು. ಅದು ಆಗಲೇ ನನ್ನ ಬಾಯಲ್ಲಿತ್ತು. ಆ ಹಾಳೆ ನನ್ನ ಬೆನ್ನ ಹಿಂದೆ ಟ್ಯಾಂಕರಿನ ಮೇಲಿತ್ತು. ನಾನು ಮೆಗಾಫೋನು ಎತ್ತಿ, ಗುಂಡಿ ಒತ್ತಿ, "ನಿಲ್ಲಿ, ಎಲ್ಲಾರೂ ನಿಲ್ಲಿ" ಎಂದೆ. ಅದನ್ನೇ ನಾಲ್ಕೈದು ಸಲ ಹೇಳಿದೆ. ಇನ್ನೊಂದು ಮಾತು ಹೇಳಿದರೆ ಆ ಗಳುಗಳು ನನ್ನ ಕಡೆ ತಿರುಗುತ್ತವೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಕಾಳಿಯಣ್ಣ ಓಡಲಿಲ್ಲ. ಅವರ ನೆಲದ ಗೇಟಿನಲ್ಲಿ ಅವರು ನಿಂತಿದ್ದರು, ಓಡುವ ಕಾರಣ ಅವರಿಗೆ ತಿಳಿದಿರಲಿಲ್ಲ. ಎಜಮಾನರಿಗೆ ಏನಾಯಿತು ಎಂದು ನೋಡಲು ಎರಡು ಹೆಜ್ಜೆ ಮುಂದೆಯೂ ಬಂದರು. ಮೊದಲ ಏಟು ಸಂಪತ್ತಿನದು. ಕಾಳಿಯಣ್ಣ ಎಡಗೈ ಅಡ್ಡ ಹಿಡಿದರು, ಮುಂಗೈ ಮುರಿದ ಸದ್ದು ನನ್ನವರೆಗೆ ಕೇಳಿಸಿತು. ಗುದ್ದಲಿ ಬಿತ್ತು. ಎರಡನೆಯ ಏಟು ಸೊಂಟಕ್ಕೆ. ಅವರು ಮಂಡಿಯೂರಿದರು. ಅಷ್ಟರಲ್ಲಿ ಆರೋ ಏಳೋ ಜನ ಸುತ್ತಿಕೊಂಡಿದ್ದರು. ನಡುವೆ ಒಮ್ಮೆ ಜಾಗ ಬಿಟ್ಟಾಗ ಕಂಡೆ. ಅವರು ಬಲಗೈ ಎತ್ತಿ, ಬೆರಳು ನೀಡಿ, ನನ್ನ ಕಡೆ ತೋರಿಸುತ್ತಾ ಏನೋ ಹೇಳುತ್ತಿದ್ದರು. ಬಾಯಿಂದ ರಕ್ತ ಬರುತ್ತಿತ್ತು, ಮಾತು ಕೇಳಿಸಲಿಲ್ಲ. ನನ್ನನ್ನು ತೋರಿಸುತ್ತಿದ್ದರೋ, ನನ್ನ ಹಿಂದಿನ ಹಾಳೆಯನ್ನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಯಾರೋ ಅವರದೇ ಗುದ್ದಲಿಯನ್ನು ಎತ್ತಿದರು. ಯಾರು ಎಂದು ನಾನು ನೋಡಲಿಲ್ಲ, ಬೆನ್ನು ಮಾತ್ರ ಕಂಡಿತು. ಗುದ್ದಲಿ ಅವರ ಬಲಗಿವಿಯ ಹಿಂದೆ ಬಿತ್ತು.

ಅಷ್ಟು ಹೊತ್ತಿಗೆ ರಾಜಮ್ಮ ಲಾರಿಯ ಕಡೆಯಿಂದ ಓಡಿ ಬಂದಿದ್ದರು. ನನ್ನ ಕೊರಳಿಂದ ಮೆಗಾಫೋನನ್ನು ಕಿತ್ತುಕೊಂಡರು. ಬಾಯಿಗಿಟ್ಟು ಕೂಗಿದರು. ಗುಂಡಿ ಒತ್ತಬೇಕು ಎಂದು ಅವರಿಗೆ ಗೊತ್ತಿರಲಿಲ್ಲ, ಸದ್ದು ಹೊರಡಲಿಲ್ಲ. ಕೂಗುತ್ತಲೇ ನನ್ನ ಮುಖ ನೋಡಿದರು. ನಾನು ಕೈ ಚಾಚಿ ಗುಂಡಿ ಒತ್ತಿ ಹಿಡಿದೆ. ಏಟು ನಿಲ್ಲಲು ನನ್ನಿಂದ ಆದ ಕೆಲಸ ಅದೊಂದೇ.

"ಅವರಲ್ಲ ಕಣ್ರಪ್ಪಾ. ಮಣ್ಣು ಮುಚ್ಚಿ ಅಂದಿದ್ದು ಇವರು. ನಿನ್ನೆ ಮೂರು ದಪ ಓದಿದ್ದು ಇವರು. ನನ್ನ ಅಡುಪು ಅದು. ನನ್ನ ಮುಂದೆ ಅವರು ಮುಚ್ಚಿದ್ದು."

ಏಟುಗಳು ನಿಂತವು. ಅವರ ಮಾತು ಪೂರ್ತಿ ಹದಿನೈದು ಸೆಕೆಂಡೂ ಇರಲಾರದು. ಮೊದಲ ಏಟಿನಿಂದ ಆ ಮಾತಿನವರೆಗೆ ಎಷ್ಟು ಹೊತ್ತಾಯಿತು ಎಂದು ಕೋರ್ಟಿನಲ್ಲಿ ನನ್ನನ್ನು ಕೇಳಿದರು. ಲಾರಿಯಿಂದ ಟ್ಯಾಂಕರಿನವರೆಗೆ ಓಡಿ ಬರುವಷ್ಟು ಹೊತ್ತು ಎಂದೆ. ಅಳೆದಾಗ ಅದು ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ.

ಒಂದು ಕಲ್ಲು ಬಂದು ನನ್ನ ದವಡೆಗೆ ಬಿತ್ತು, ಎರಡು ಹಲ್ಲು ಹೋದವು. ಯಾರು ಎಸೆದರೋ ಗೊತ್ತಿಲ್ಲ. ಅದನ್ನು ನಾನು ದೂರಿನಲ್ಲಿ ಬರೆಸಲಿಲ್ಲ.

ಹಿಂಸೆ ಅಲ್ಲಿಗೆ ಮುಗಿಯಲಿಲ್ಲ. ಬೇಲಿಯಾಚೆ ದನ ಬಿಡುತ್ತಿದ್ದ ಕಾಳಿಯಣ್ಣನವರ ತಮ್ಮ ಮುಳ್ಳು ಕಡಿಯುವ ಮಚ್ಚು ಹಿಡಿದು ಬಂದ. ಅಣ್ಣ ಬಿದ್ದಿದ್ದನ್ನು ಕಂಡ. ಏನನ್ನೂ ಕೇಳಲಿಲ್ಲ. ಎದುರಿಗೆ ಸಿಕ್ಕ ಸಂಪತ್ತಿನ ಹೆಗಲಿಗೆ ಬೀಸಿದ. ಮಚ್ಚು ಮೂಳೆಯಲ್ಲಿ ಸಿಕ್ಕಿಕೊಂಡಿತು, ಕಾಲೊತ್ತಿ ಎಳೆದುಕೊಂಡ. ಇನ್ನೊಬ್ಬನಿಗೆ ಮುಂಗೈ ಸೀಳಿತು. ಹಿಂದೆಯೇ ಊರಿನಿಂದ ಹತ್ತಿಪ್ಪತ್ತು ಜನ ಬಂದರು. ಕಲ್ಲು ಬಿದ್ದವು, ಲಾರಿಯ ಗಾಜು ಹೋಯಿತು, ಹೆಂಗಸರು ಗಾಡಿಗಳ ಕೆಳಗೆ ನುಸುಳಿದರು. ತುಳಿದಾಟದಲ್ಲಿ ಕಾಲುವೆಯ ಕೆಂಡ ಚೆದುರಿ ಹುಲ್ಲಿಗೆ ಹತ್ತಿತು. ಪಳನಿ ಟ್ಯಾಂಕರಿನ ತೂಬು ತೆರೆದು ಬಿಟ್ಟ. ಬೆಂಕಿಯ ಕಡೆ ಇಳಿಜಾರಿತ್ತು. ನಾನು ಒಲೆಗೆ ಕೊಡದೆ ಉಳಿಸಿದ ನೀರೆಲ್ಲ ಹಾಗೆ ಹರಿಯಿತು. ಬೆಂಕಿ ಆರಿದಾಗ ಹೊಡೆದಾಟವೂ ನಿಂತಿತ್ತು. ಎರಡೂ ಕಡೆಯವರ ಕಾಲು ಕೆಸರಲ್ಲಿತ್ತು.

ನಾನು ಪೆಟ್ಟಿಗೆ ತೆಗೆದು ಕಾಳಿಯಣ್ಣನವರ ತಲೆಗೆ ಬಟ್ಟೆ ಕಟ್ಟಿದೆ, ಮುಂಗೈಗೆ ಸೀಳಿದ ಗಳುವಿನ ಎರಡು ತುಂಡು ಕಟ್ಟಿದೆ. ಕಣ್ಣು ತೆರೆದಿದ್ದವು. ಉಸಿರಾಟ ಗೊರಕೆಯ ಹಾಗಿತ್ತು. ಅಂಥ ಉಸಿರಿನ ಅರ್ಥ ನನಗೆ ತಿಳಿದಿತ್ತು. ಪಳನಿ ಯಾರದೋ ವ್ಯಾನನ್ನು ತಂದ. ಚೌಡಯ್ಯ, ಸಂಪತ್ತು, ಕಾಳಿಯಣ್ಣ ಮೂವರನ್ನೂ ಅದೇ ವ್ಯಾನಿನಲ್ಲಿ ಪಕ್ಕಪಕ್ಕದಲ್ಲಿ ಮಲಗಿಸಿಕೊಂಡು ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಹೋದೆವು. ಹೊರಡುವ ಸ್ಥಿತಿಯಲ್ಲಿ ಬೇರೆ ಗಾಡಿ ಇರಲಿಲ್ಲ. ಬುಧವಾರ ಮಧ್ಯಾಹ್ನ ಕಾಳಿಯಣ್ಣ ತೀರಿಕೊಂಡರು. ನಡುವೆ ಪ್ರಜ್ಞೆ ಬರಲಿಲ್ಲ.

ಪೊಲೀಸರಿಗೆ ನಾನು ಕೊಟ್ಟ ಮೊದಲ ಹೇಳಿಕೆಯಲ್ಲಿ ನೋಡಿದ್ದೆಲ್ಲ ಇತ್ತು. ನಾನು ಓದಿದ್ದು ಇರಲಿಲ್ಲ. ಯಾರೂ ಕೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮರಗಳಿಗೆ ಅಂಟಿಸಿದ್ದ ಮೂರು ಹಾಳೆ ಗಲಾಟೆಯಲ್ಲಿ ಹೋಗಿದ್ದವು. ಗುರುವಾರ ಪಳನಿ ಆರೋಗ್ಯ ಕೇಂದ್ರಕ್ಕೆ ಬಂದು ಮಡಿಚಿದ ಕಾಗದವೊಂದನ್ನು ಮೇಜಿನ ಮೇಲಿಟ್ಟ. ಟ್ಯಾಂಕರಿನ ಹಿಂದಿನದು, ಅಂಟಿನ ಸಮೇತ ಎಬ್ಬಿಸಿ ತಂದಿದ್ದ.

"ಇದು ಉಂಗಳುದುದಾನೇ ಸಾರ್?" ಎಂದ. ನಿಮ್ಮದೇ ತಾನೆ ಎಂದು ಕೇಳಿದ್ದು. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಹಾಳೆ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಮೊದಲು ಚೌಡಯ್ಯನವರಿಗೆ ಹೇಳಬೇಕು ಎನ್ನಿಸಿತು. ಎರಡೂ ಪಾದಕ್ಕೂ ಅಂಗೈಗೂ ಬಟ್ಟೆ ಸುತ್ತಿತ್ತು. ಹಾಳೆ ತೋರಿಸಿದೆ. ಅವರು ಅದನ್ನು ನೋಡಲಿಲ್ಲ.

"ಬಿದ್ದ ಗಳಿಗೇಲೇ ನನಗೆ ಗೊತ್ತಾಯ್ತು, ಇದು ಕೇಡಿಗೆ ಮಾಡಿದ ಕೆಲಸ ಅಲ್ಲ, ತಪ್ಪಿ ಆದ ಕೆಲಸ ಅಂತ" ಎಂದರು. "ಅವರ ಕೈಗೆ ಮಣ್ಣು ಕೊಡೋವರೆಗೆ ಮಾತಾಡ್ಬಾರ್ದು ಅಂತ ನೇಮ. ನಾನು ನೇಮಕ್ಕೆ ಬಾಯಿ ಕಟ್ಟಿದ್ದೆ. ನೀನು ಯಾತಕ್ಕೆ ಕಟ್ಟಿದ್ದೆ?"

ನಾನು ಹಾಳೆ ಮಡಿಚಿಕೊಂಡು ಎದ್ದೆ. ಅಲ್ಲಿಂದ ನೇರ ಠಾಣೆಗೆ ಹೋಗಿ ಎರಡನೆಯ ಹೇಳಿಕೆ ಕೊಟ್ಟೆ, ಹಾಳೆಯನ್ನು ಅದಕ್ಕೆ ಲಗತ್ತಿಸಿದೆ. ಇಲಾಖೆಯಿಂದ ನನಗೆ ಒಂದು ಮೆಮೋ, ಒಂದು ವರ್ಗಾವಣೆ ಬಂತು. ಸಂಪತ್ತು ಸೇರಿ ಮೂವರಿಗೆ ಜೈಲಾಯಿತು. ಕಾಳಿಯಣ್ಣನವರ ತಮ್ಮನಿಗೂ ಆಯಿತು.

ಚೌಡಯ್ಯನವರು ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಆ ಬಯಲಿನ ಒಂದು ಹಿಡಿ ಮಣ್ಣು ಹಿಡಿದು ಕಾಳಿಯಣ್ಣನವರ ಮನೆಗೆ ಹೋದರಂತೆ. ಇದನ್ನು ನಾನು ನೋಡಿಲ್ಲ, ಜೊತೆಗೆ ಹೋಗಿದ್ದ ರಾಜಮ್ಮ ಹೇಳಿದ್ದು. ಕಾಳಿಯಣ್ಣನವರ ಹೆಂಡತಿ ಬಾಗಿಲಿಗೆ ಬಂದು, "ಯಾರಿಗೆ ಕೊಡಕ್ಕೆ ತಂದ್ರಿ ಮಾಮಾ?" ಎಂದು ಕೇಳಿ ಒಳಗೆ ಹೋದರಂತೆ. ಚೌಡಯ್ಯನವರು ಆ ಮಣ್ಣನ್ನು ಅಲ್ಲಿ ಚೆಲ್ಲಲಿಲ್ಲ, ಹಾಗೇ ಹಿಡಿದುಕೊಂಡು ಬಂದರಂತೆ. ನಮ್ಮ ಕುಲದ ಬಿಡಾರ ಆಮೇಲೆ ನಡೆಯಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ, ಐಪ್ಪಸಿ ತಿಂಗಳ ಮಳೆ ಬಂದ ಮೇಲೆ, ನಾನು ಆ ಬಯಲಿಗೆ ಹೋದೆ. ಹೆಜ್ಜೆ ಅಳೆದದ್ದು ಆಗ. ಹುಲ್ಲು ಎಲ್ಲ ಕಡೆ ಬಂದಿತ್ತು. ಆದರೆ ಬೂದಿಯನ್ನು ತೆಗೆಯದೆ ಮುಚ್ಚಿದ್ದ ಕಡೆಗಳಲ್ಲಿ ಅದು ಹೆಚ್ಚು ಹಸಿರಾಗಿ, ಹೆಚ್ಚು ಎತ್ತರವಾಗಿ ಬೆಳೆದಿತ್ತು. ದೂರದಿಂದಲೇ ಒಲೆಗಳನ್ನು ಎಣಿಸಬಹುದಾಗಿತ್ತು. ರಾಜಮ್ಮನವರ ಕಾಲುವೆ ಒಂದಾಳು ಮಲಗಿದಷ್ಟು ಉದ್ದ ಕಾಣುತ್ತಿತ್ತು. ಗುರುತು ಉಳಿಸದೆ ಹೋಗುವುದೇ ಕಟ್ಟಳೆಯಾಗಿದ್ದ ನೆಲ ಅದು.

ಆಮೇಲೆ ಇಪ್ಪತ್ತೇಳು ವರ್ಷ ಕೆಲಸ ಮಾಡಿದೆ. ಹಲವು ಜನಜಂಗುಳಿಯ ಬಿಡಾರಗಳನ್ನು ನೋಡಿಕೊಂಡೆ. ಎಲ್ಲ ಕಡೆ ಪಾತ್ರೆ ತೊಳೆದ ನೀರನ್ನು ಚೆಲ್ಲದೆ ಪೀಪಾಯಿಯಲ್ಲಿ ಹಿಡಿಸಿ ಒಲೆಗೆ ಹಾಕಿಸುತ್ತಿದ್ದೆ. ಆ ಬೆಳಗ್ಗೆಯೂ ರಾಜಮ್ಮನವರ ಪಾತ್ರೆ ತೊಳೆದ ನೀರು ಅಲ್ಲೇ ಇತ್ತು, ಹತ್ತು ಹೆಜ್ಜೆಯಲ್ಲಿ. ನಮ್ಮ ಹಳಬರ ಮೂರು ಚೊಂಬಿಗೆ ಅದು ಸಾಕಾಗುತ್ತಿತ್ತು. ಮುಚ್ಚಿದ ಪ್ರತಿ ಒಲೆಯ ಮೇಲೆ, ಯಾರೂ ಕಾಲಿಡುವ ಮುಂಚೆ, ನಾನು ಅಂಗೈ ಇಟ್ಟು ನೋಡುತ್ತಿದ್ದೆ. ಕೈಕೆಳಗಿನವರು ನಗುತ್ತಿದ್ದರು. ಹೊರಡಿಸಿದ ಸೂಚನೆಯ ಮೇಲೆ ಮೊದಲ ಕಾಲು ಅದನ್ನು ಬರೆದವನದಾಗಿರಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಅದು ತಪ್ಪಿದಾಗ ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತೇವೆಯೋ ಅಷ್ಟು ಹೊತ್ತೂ ಬೇರೆ ಯಾರೋ ಏಟು ತಿನ್ನುತ್ತಿರುತ್ತಾರೆ ಎಂಬುದನ್ನೂ ಕಲಿಸಿತು.

ಚೌಡಯ್ಯನವರು ಈಗ ಇಲ್ಲ. ಸಂಪತ್ತು ಜೈಲಿನಿಂದ ಬಂದು ಕೆಲವು ವರ್ಷ ಬದುಕಿ ಹೋದ. ನಾನು ಬರೆದಿದ್ದರಲ್ಲಿ ತಪ್ಪಿದ್ದರೆ ತಿದ್ದಬಲ್ಲವರು ಇಬ್ಬರಿದ್ದಾರೆ. ಪಳನಿ ಪೀಳಮೇಡಿನಲ್ಲಿ ಮಗಳ ಮನೆಯಲ್ಲಿದ್ದಾನೆ, ಬೀಡಿ ಬಿಟ್ಟಿದ್ದಾನೆ. ರಾಜಮ್ಮ ತುಡಿಯಲೂರಿನಲ್ಲಿದ್ದಾರೆ, ಕಣ್ಣು ಮಂಜಾಗಿದೆ. ಇದನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಕೇಳಿ ಮುಗಿಸಿ, ಮೆಗಾಫೋನಿನ ಗುಂಡಿ ಎಲ್ಲಿದೆ ಅಂತ ತನಗೆ ಮೊದಲೇ ತೋರಿಸಿದ್ದರೆ ಚೆನ್ನಾಗಿರುತ್ತಿತ್ತು ಎಂದರು. ಬೇರೆ ಏನನ್ನೂ ತಿದ್ದಲಿಲ್ಲ.